ಮಲಕಾಜಪ್ಪನ ಮನೆಯಲ್ಲಿ ದುಡಿಯುವವರು

ಬನಹಟ್ಟಿಯ ನೇಕಾರರ ಓಣಿಗೆ ತಾರವ್ವ ಸೊಸೆಯಾಗಿ ಬಂದದ್ದು ರಾಜ್ಯ ಒಂದಾದ ಮರುವರ್ಷ. ತವರು ಬೀಳಗಿ. ಅಪ್ಪ ಸೀರೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುವವ, ಮನೆಯಲ್ಲಿ ಮಗ್ಗ ಇರಲಿಲ್ಲ. ಸೀರೆ ಉಡುವುದು ಗೊತ್ತಿತ್ತೇ ಹೊರತು ಅದು ಹೇಗೆ ತಯಾರಾಗುತ್ತದೆ ಎಂಬುದು ಹುಡುಗಿಗೆ ಗೊತ್ತಿರಲಿಲ್ಲ. ಮೈಮೇಲಿನ ಅರಿಸಿನ ಮಾಸುವ ಮೊದಲೇ ಅತ್ತೆ ಯಂಕವ್ವ ಅವಳನ್ನು ರಾಟಿಯ ಮುಂದೆ ಕೂರಿಸಿದಳು.

“ನೋಡವಾ, ಕುಣಿಯೊಳಗ ಕುಂತಾವ ನನ್ನ ಮಗ. ಅಂವಾ ಕೈ ಚಾಚಿದಾಗ ಕಂಡಿಕಿ ಇಲ್ಲ ಅನಬಾರ್ದು. ಮಗ್ಗ ನಿಂತ್ರ ಮನಿ ನಿಂತಂಗ.”

ಕಂಡಿಕಿ ಎಂದರೆ ಅಡ್ಡನೂಲು ಸುತ್ತಿದ ಬೆರಳುದ್ದದ ಕೊಳವೆ. ಲಾಳಿಯ ಹೊಟ್ಟೆಯಲ್ಲಿ ಕೂತು ಅತ್ತಿಂದಿತ್ತ ಓಡುತ್ತ ಅದು ನೂಲು ಬಿಡುತ್ತದೆ, ನೋಡನೋಡುತ್ತಲೇ ಬರಿದಾಗುತ್ತದೆ. ಗಂಡ ಮಲಕಾಜಪ್ಪ ಕುಣಿಮಗ್ಗದಲ್ಲಿ ದಿನವಿಡೀ ನೇಯಬೇಕಾದರೆ ತಾರವ್ವ ದಿನವಿಡೀ ಸುತ್ತಬೇಕು. ಅದರ ಮೊದಲು ನೂಲು ಬಿಡಿಸಬೇಕು, ಗಂಜಿ ಕಾಯಿಸಬೇಕು, ಬೆಳಕು ಹರಿಯುವ ಹೊತ್ತಿಗೆ ಓಣಿಯ ಉದ್ದಕ್ಕೂ ಹಾಸು, ಅಂದರೆ ಮಗ್ಗದ ಉದ್ದನೂಲು, ಹಿಡಿದು ಗಂಜಿ ತಿಕ್ಕಬೇಕು. ನಡುವೆ ರೊಟ್ಟಿ ಬಡಿಯಬೇಕು, ಮಗಳನ್ನು ಹೆರಬೇಕು, ಸಾಕಬೇಕು, ಅತ್ತೆ ಹಾಸಿಗೆ ಹಿಡಿದಾಗ ಅವಳನ್ನೂ ನೋಡಬೇಕು. ಎಲ್ಲವನ್ನೂ ತಾರವ್ವ ಮಾಡಿದಳು. ಅವಳ ಬಲಗೈಯ ಹೆಬ್ಬೆರಳಿನ ಮೇಲೆ ನೂಲು ಹರಿದು ಹರಿದು ಒಂದು ಗೀರು ಬಿದ್ದಿತ್ತು, ರೊಟ್ಟಿ ಬಡಿಯುವಾಗ ಉರಿಯುತ್ತಿತ್ತು.

ಆದರೆ ಆ ಓಣಿಯ ಮಾತಿನಲ್ಲಿ ‘ದುಡಿಯುವವ’ ಎಂದರೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನೊಬ್ಬನೇ. ಹೆಂಗಸರು ‘ಮನ್ಯಾಗ ಇರ್ತಾರ’, ಅಷ್ಟೇ. ಹೆಂಡತಿ ದುಡಿಯುತ್ತಾಳೆ ಎಂದು ಯಾವನಾದರೂ ಬಾಯಿಬಿಟ್ಟರೆ ಅವನಿಗೆ ಹೆಂಡತಿಯನ್ನು ಸಾಕುವ ಯೋಗ್ಯತೆ ಇಲ್ಲವೆಂದು ಜನ ಆಡಿಕೊಳ್ಳುತ್ತಿದ್ದರು. ದುಡಿಯುತ್ತೇನೆ ಎಂದು ಹೇಳಿಕೊಳ್ಳುವ ಹೆಣ್ಣು ಒಂದೋ ಗಂಡ ಸತ್ತವಳು, ಇಲ್ಲವೇ ಕುಡುಕನ ಕೈಹಿಡಿದವಳು. ಯಾವ ಮಹಾಶಯ ಈ ಕಟ್ಟಳೆ ಮಾಡಿದನೋ ತಿಳಿಯದು, ಅವನು ಒಂದು ಹೊತ್ತೂ ರಾಟಿಯ ಮುಂದೆ ಕೂತವನಲ್ಲ ಎಂಬುದು ಮಾತ್ರ ಖಂಡಿತ. ತಾರವ್ವ ಈ ಕಟ್ಟಳೆಯನ್ನು ಪ್ರಶ್ನಿಸಿದವಳಲ್ಲ. ಗಂಡನ ಮಾನ ಉಳಿಸುವುದು ಕೂಡ ಮನೆಗೆಲಸದಲ್ಲೊಂದು ಎಂದು ಅವಳು ತಿಳಿದಿದ್ದಳು.

ಎಪ್ಪತ್ತರ ದಶಕದ ನಡುವೆ ಭೂಪಾಲ ಎಂಬ ಕಾಲೇಜು ಮಾಸ್ತರರು ಓಣಿಗೆ ಬಂದರು. ತೇರದಾಳದ ಜೈನರ ಮನೆತನದವರು, ಜಮಖಂಡಿಯಲ್ಲಿ ವಾಣಿಜ್ಯ ಪಾಠ ಹೇಳುವವರು. ಆಗ ಇಚಲಕರಂಜಿ ಕಡೆಯ ಪಾವರ್‌ಲೂಮ್ ಸೀರೆಗಳು ಅಗ್ಗದ ದರದಲ್ಲಿ ಬಂದು ಬೀಳುತ್ತಿದ್ದವು, ಓಣಿಯ ನೇಕಾರರ ಸಹಕಾರಿ ಸಂಘದ ಉಗ್ರಾಣದಲ್ಲಿ ಕೈಮಗ್ಗದ ಸೀರೆ ಹುಳ ಹಿಡಿಯುತ್ತಿತ್ತು. ಸಂಘ ಕೈಮಗ್ಗವನ್ನೇ ನಂಬಿ ಕೂರಬೇಕೇ, ತಾನೂ ಪಾವರ್‌ಲೂಮ್ ಹಾಕಬೇಕೇ, ಹಾಕಿದರೆ ಸಂಘದ ಸ್ಥಿತಿಗತಿ ಹೇಗೆ ಬದಲಾದೀತು, ಯಾರು ಉಳಿದಾರು, ಯಾರು ಹೊರಬಿದ್ದಾರು? ಇದು ಭೂಪಾಲರ ಸಂಶೋಧನೆಯ ವಿಷಯ. ಸಂಘದ ಅಧ್ಯಕ್ಷ ಕಾಮಣ್ಣನಿಗಂತೂ ಕೇಳದೆ ದೇವರು ಬಂದಂತಾಯಿತು. “ನೀವು ಓದಿದಾವ್ರು ಹೇಳ್ರಿ, ನಾವು ಹಂಗ ಮಾಡ್ತೀವಿ” ಎಂದು ಮನೆಮನೆಗೂ ತಾನೇ ಕರೆದುಕೊಂಡು ಹೋದ.

ಮಲಕಾಜಪ್ಪನ ಮನೆಗೆ ಬಂದಾಗ ಮಗ್ಗವೂ ನಡೆದಿತ್ತು, ರಾಟಿಯೂ ನಡೆದಿತ್ತು. ಭೂಪಾಲರು ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂತು ತಾಳ್ಮೆಯಿಂದ ಕೇಳಿದರು. ಎಷ್ಟು ವರ್ಷದ ಮಗ್ಗ, ಯಾವ ನೂಲು, ಹೊಸ ಯಂತ್ರ ಬಂದರೆ ಕಲಿಯುವ ಮನಸ್ಸಿದೆಯೇ ಎಂದೆಲ್ಲ ಕೇಳಿ ಆದಮೇಲೆ,

“ಮನ್ಯಾಗ ದುಡಿಯೋರು ಎಷ್ಟ ಮಂದಿ?” ಎಂದರು.

“ನಾ ಒಬ್ಬನ ರೀ,” ಎಂದ ಮಲಕಾಜಪ್ಪ.

ಭೂಪಾಲರು ಮೂಲೆಯ ಕಡೆ ತಿರುಗಿದರು. ಕಾಮಣ್ಣ ಬಾಗಿಲಲ್ಲಿ ನಿಂತಿದ್ದ. ತಾರವ್ವ ಸೆರಗು ಎಳೆದುಕೊಂಡು ರಾಟಿ ನಿಲ್ಲಿಸಿದಳು.

“ನೀವೂ ಕೆಲಸಾ ಮಾಡ್ತೀರೇನ್ರಿ, ಅವ್ವಾರ?”

“ನಾ ಎಲ್ಲೀ ಕೆಲಸಾ ರೀ. ಮನ್ಯಾಗ ಇರ್ತೇನ್ರಿ.”

ಮಡಿಲಲ್ಲಿ ಸುತ್ತಿಟ್ಟ ಕಂಡಿಕಿಗಳಿದ್ದವು. ಭೂಪಾಲರು ಅವನ್ನು ನೋಡಿದರು, ಅವಳ ಮುಖವನ್ನೂ ನೋಡಿದರು, ಆಮೇಲೆ ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡರು. ಓಣಿಯ ಎಲ್ಲ ಮನೆಗಳಲ್ಲೂ ಇದೇ ಉತ್ತರ. ಒಬ್ಬಳು ಮಾತ್ರ ಬೇರೆ ಹೇಳಿದಳು. ಗಂಡ ಸತ್ತ ಮರೆವ್ವ, ಅವರಿವರ ಮನೆಗೆ ಕಂಡಿಕಿ ಸುತ್ತಿಕೊಡುವವಳು, “ಹೌದ್ರಿ, ದುಡದ ತಿಂತೇನ್ರಿ” ಎಂದಳು. ಆ ಸಂಜೆ ನೀರಿಗೆ ಹೋದಲ್ಲಿ ತಾರವ್ವ ಅವಳಿಗಾಗಿ ಮರುಗಿದಳು. ಪಾಪ, ಹೊರಗಿನ ಗಂಡಸಿನ ಮುಂದೆ ಹಾಗೆ ಹೇಳಿಕೊಳ್ಳಬೇಕಾಯಿತಲ್ಲ ಎಂದಳು.

ಭೂಪಾಲರ ಪ್ರಬಂಧಕ್ಕೆ ಡಾಕ್ಟರೇಟು ಬಂತು. ಅದರ ಸಾರವನ್ನು ಅವರು ಸಂಘದ ಸಭೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಹೇಳಿದರು. ಕೈಮಗ್ಗ ಬಿಟ್ಟರೆ ಪ್ರತಿ ಮನೆಯಲ್ಲಿ ಒಂದು ಕೈ ಖಾಲಿಯಾಗುತ್ತದೆ. ಸಂಘ ದೊಡ್ಡ ಶೆಡ್ಡು ಕಟ್ಟಿ ಪಾವರ್‌ಲೂಮ್ ಹಾಕಿ, ಆ ಒಂದು ಕೈಗೆ ಒಂದು ಜಾಗ ಕೊಟ್ಟರೆ ಯಾರೂ ಬೀದಿಗೆ ಬೀಳುವುದಿಲ್ಲ, ಉತ್ಪಾದನೆ ಏರುತ್ತದೆ, ಸಂಘ ಉಳಿಯುತ್ತದೆ. ಕಂಡಿಕಿ ಸುತ್ತಲು ಯಂತ್ರವಿದೆ, ಅದಕ್ಕೆ ಒಂದಿಬ್ಬರು ಹೆಂಗಸರು ಸಾಕು. ಯಾರನ್ನು ತೆಗೆದುಕೊಳ್ಳಬೇಕೆಂಬ ಜಗಳವೇ ಬೇಡ, ಸಮೀಕ್ಷೆಯಲ್ಲಿ ದುಡಿಯುವವರೆಂದು ಹೆಸರು ಕೊಟ್ಟವರಿಗೇ ಜಾಗ. ಮುಂದೆ ಯಾರಾದರೂ ಕೈಲಾಗದವರಾದರೆ ಅದೇ ಮನೆಯ ಇನ್ನೊಬ್ಬ ದುಡಿಯುವವರಿಗೆ ಅದು ಸಲ್ಲಬೇಕು. ಜನ ಚಪ್ಪಾಳೆ ತಟ್ಟಿದರು. ಇಷ್ಟು ನ್ಯಾಯವಾದ ಮಾತು ಆ ಸಂಘದಲ್ಲಿ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಶೆಡ್ಡು ಎದ್ದಿತು. ಮಲಕಾಜಪ್ಪ ಪಾವರ್‌ಲೂಮ್ ಕಲಿತ, ಮನೆಯ ಕುಣಿಗೆ ಮಣ್ಣು ತುಂಬಿ ಸಾರಿಸಿದ. ಮರೆವ್ವ ಕಂಡಿಕಿ ಯಂತ್ರದ ಕೋಣೆಗೆ ಹೋದಳು. ಬೆಳಗಾದರೆ ತಾರವ್ವನಿಗೆ ಕೈ ಎಲ್ಲಿಡಬೇಕೆಂದು ತೋಚುತ್ತಿರಲಿಲ್ಲ. ಮಗಳನ್ನು ಲೋಕಾಪುರಕ್ಕೆ ಕೊಟ್ಟಾಗಿತ್ತು, ಅತ್ತೆ ತೀರಿಕೊಂಡಿದ್ದಳು. ಇಷ್ಟು ವರ್ಷ ಮನೆಯಲ್ಲೇ ಇರುತ್ತೇನೆ ಎಂದು ಹೇಳುತ್ತಿದ್ದವಳು ಈಗ ನಿಜವಾಗಿಯೂ ಮನೆಯಲ್ಲಿದ್ದಳು, ಅದು ಅವಳಿಗೆ ಒಗ್ಗಲಿಲ್ಲ. ಆದರೂ ಗಂಡನ ದುಡಿಮೆಯಲ್ಲಿ ಒಲೆ ಉರಿಯುತ್ತಿತ್ತು, ದೂರುವಂಥದ್ದೇನೂ ಇರಲಿಲ್ಲ.

ಐದಾರು ವರ್ಷ ಹೀಗೇ ಕಳೆಯಿತು. ಒಂದು ದಿನ ಪಕ್ಕದ ಪಾವರ್‌ಲೂಮಿನ ಲಾಳಿ ಹಾಸಿನಿಂದ ಸಿಡಿದು ಬಂದು ಮಲಕಾಜಪ್ಪನ ಎಡಗಣ್ಣಿಗೆ ಬಡಿಯಿತು. ಮಿರಜದ ಆಸ್ಪತ್ರೆಗೆ ಒಯ್ದರು. ಆ ಕಣ್ಣು ಹೋಯಿತು. ಅದರ ಬೇನೆ ಇನ್ನೊಂದಕ್ಕೂ ಹತ್ತಿ, ಮುಂದಿನ ದೀಪಾವಳಿಯ ಹೊತ್ತಿಗೆ ಅವನಿಗೆ ಬೆಳಕು ಯಾವುದು, ಗೋಡೆ ಯಾವುದು ಎಂಬುದೂ ತಿಳಿಯದಾಯಿತು. ಕಡಿದ ಎಳೆ ಹುಡುಕಿ ಗಂಟು ಹಾಕುವ ಕೆಲಸ ಕುರುಡನಿಗೆ ಆಗುವುದೆಂತು? ಕಾಮಣ್ಣ ಮನೆಗೆ ಬಂದು ಅತ್ತ, ಖರೆಯಾಗಿಯೇ ಅತ್ತ. ಆಮೇಲೆ, ನಿಮ್ಮ ಮನೆಯಲ್ಲಿ ಬೇರೆ ದುಡಿಯುವವರಿಲ್ಲವಲ್ಲ, ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿ ಎದ್ದ.

ತಾರವ್ವ ಸುಮ್ಮನೆ ಕೂರಲಿಲ್ಲ. ಮರುದಿನವೇ ಜಮಖಂಡಿಯ ಬಸ್ಸು ಹತ್ತಿ ಭೂಪಾಲರ ಮನೆ ಹುಡುಕಿದಳು. ತಲೆಬಾಗಿಲಲ್ಲೇ ನಿಂತು ಹೇಳಿದಳು:

“ಆವತ್ತ ನಾ ಸುಳ್ಳ ಹೇಳೇನ್ರಿ, ಸರ. ನಾ ದುಡೀತಿದ್ಯಾ. ಕಂಡಿಕಿ ಕೋಣ್ಯಾಗ ನನಗೊಂದು ಜಾಗಾ ಕೊಡಸ್ರಿ. ಮಷೀನ್ ಆದ್ರೇನಾತು, ನೂಲು ಅದ ಅಲ್ಲೇನ್ರಿ.”

“ನಿಮ್ಮ ಉಡ್ಯಾಗ ಕಂಡಿಕಿ ಇದ್ದುವು. ನಾ ನೋಡಿದ್ದೆ,” ಎಂದರು ಭೂಪಾಲರು. “ಆದ್ರ ನೀವ ಇಲ್ಲ ಅಂದ್ರಿ. ನೀವು ಹೇಳಿದ್ದ ಬರಕೊಳ್ಳಬೇಕು, ನನ್ನ ಮನಸಿಗೆ ಬಂದದ್ದಲ್ಲ, ಹಂಗ ನಮಗ ಕಲಿಸಿದ್ರು.”

ಅವರಿಗೆ ಆಗ ಏನೇನು ಹೊಳೆದಿರಬೇಕು! ತಾರವ್ವನ ಉತ್ತರ ತಿದ್ದಿದರೆ ಓಣಿಯ ಎಲ್ಲ ಮನೆಗಳದ್ದೂ ತಿದ್ದಬೇಕು. ಯಾರೂ ಬೀದಿಗೆ ಬೀಳುವುದಿಲ್ಲ ಎಂಬ ಅವರ ಪ್ರಬಂಧದ ಮಾತನ್ನು ಆಗಲೇ ಬೇರೆ ಊರಿನ ಸಂಘಗಳೂ ಎತ್ತಿ ಹೇಳುತ್ತಿದ್ದವು. ಆದರೂ ಅವರು ಅವಳನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಸಂಘದ ಸಭೆಯಲ್ಲಿ ಮನೆಯ ಯಜಮಾನ ಎದ್ದು ನಿಂತು ಆವತ್ತಿನ ಮಾತು ತಪ್ಪಿತ್ತು, ಹೆಂಡತಿಯೂ ದುಡಿಯುತ್ತಿದ್ದಳು ಎಂದು ಹೇಳಲಿ, ನಾನೂ ಬಂದು ಹೌದೆನ್ನುತ್ತೇನೆ, ಬರೆದದ್ದನ್ನು ತಿದ್ದುತ್ತೇನೆ ಎಂದು ಮಾತು ಕೊಟ್ಟರು.

ತಾರವ್ವ ಗಂಡನಿಗೆ ಎಲ್ಲ ತಿಳಿಸಿ ಹೇಳಿದಳು. ಅವನು ಗೋಡೆಗೆ ಒರಗಿ ಕೂತು ಕೇಳಿದ.

“ಒಂದ ಮಾತ ರೀ. ‘ಹೌದು, ಇಕಿನೂ ದುಡೀತಿದ್ಲು’ ಅನ್ನೂದು. ಅಷ್ಟ ಆತು.”

“ಹೇಳ್ತೇನಿ ತಗೋ,” ಎಂದ ಅವನು. “ಸುಳ್ಳೇನ ಅದು?”

ಆ ಮಾತು ಕೇಳಿ ತಾರವ್ವನಿಗೆ ಅಳು ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಅದನ್ನು ಕೇಳಬೇಕೆಂಬ ಆಸೆ ತನಗಿತ್ತೆಂಬುದು ಅವಳಿಗೇ ಗೊತ್ತಿರಲಿಲ್ಲ. ಸಭೆಯ ದಿನ ಅವನಿಗೆ ಒಗೆದ ಧೋತರ ಉಡಿಸಿ, ತಲೆಗೆ ಪಟಕಾ ಸುತ್ತಿ, ಹೆಗಲ ಮೇಲೆ ಕೈ ಇಡಿಸಿಕೊಂಡು ಕರೆದೊಯ್ದಳು.

ಸಂಘದ ಪಡಸಾಲೆಯಲ್ಲಿ ಓಣಿಯ ಗಂಡಸರೆಲ್ಲ ಸೇರಿದ್ದರು. ಹೆಂಗಸರಿಗೆ ಒಳಗೆ ಜಾಗವಿಲ್ಲ, ತಾರವ್ವ ಹೊಸ್ತಿಲ ಹೊರಗೆ ನಿಂತಳು. ಭೂಪಾಲರು ಮಾತಿನಂತೆ ಬಂದಿದ್ದರು, ಪೆನ್ನಿನ ಟೊಪ್ಪಿ ತೆಗೆದು ಕಾದಿದ್ದರು. ಕಾಮಣ್ಣ ವಿಷಯ ಎತ್ತಿದ. ಅವನ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಆದರೆ ನಾಲ್ಕು ಜನ ಸೇರಿದಲ್ಲಿ ಚೇಷ್ಟೆಯ ಮಾತೊಂದನ್ನು ಆಡದಿದ್ದರೆ ಅವನ ನಾಲಿಗೆ ಕೆರೆಯುತ್ತಿತ್ತು.

“ಅಲ್ಲೋ ಮಲಕಾಜಪ್ಪಾ, ಹಂಗಾದ್ರ ಇಷ್ಟ ದಿನಾ ಹೆಣಮಗಳ ದುಡಿಕಿ ಮ್ಯಾಲೆ ಮೀಸಿ ತಿರುವಿದೇನಪಾ?”

ಪಡಸಾಲೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಹೆಂಡತಿಯ ಕೈಯ ಕಂಡಿಕಿ ಇಲ್ಲದೆ ಒಂದು ಗೇಣು ಬಟ್ಟೆ ನೇಯ್ದವನು ಒಬ್ಬನೂ ಇರಲಿಲ್ಲ. ಮಲಕಾಜಪ್ಪನಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ, ನಗು ಮಾತ್ರ ಎಲ್ಲ ಕಡೆಯಿಂದ ಬಂತು.

“ಹೆಂಡ್ತಿ ದುಡಿಸಿ ಉಂಡಾವ ನಾ ಅಲ್ಲ,” ಎಂದ. “ಯಾರ ಹೇಳಿದ್ರು ನಿಮಗ? ನಮ್ಮ ಮನ್ಯಾಗ ಹೆಣಮಕ್ಕಳು ದುಡದಿಲ್ಲ. ಕಣ್ಣ ಹೋಗ್ಯಾವ, ಮಾನಾ ಹೋಗಿಲ್ಲ ನಂದು.”

ನಗು ನಿಂತಿತು. “ಭಲೇ” ಎಂದರು ಯಾರೋ. ಭೂಪಾಲರು ಹೊಸ್ತಿಲ ಕಡೆ ಒಮ್ಮೆ ನೋಡಿದರು. ಅವರು ಬಾಯಿ ಬಿಡಬಹುದಿತ್ತು, ನಾನು ಕಣ್ಣಾರೆ ಕಂಡಿದ್ದೇನೆ ಎನ್ನಬಹುದಿತ್ತು. ಅವರು ಪೆನ್ನಿನ ಟೊಪ್ಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಅವರ ಮುಖದಲ್ಲಿ ನಾಚಿಕೆ ಇತ್ತು, ಅದರ ಜೊತೆಗೆ ಭಾರ ಇಳಿದವನ ನೆಮ್ಮದಿಯೂ ಇತ್ತು. ಎರಡನ್ನೂ ತಾರವ್ವ ಕಂಡಳು.

ಅವಳು ಒಳಗೆ ನುಗ್ಗಿ ಕೂಗಬಹುದಿತ್ತಲ್ಲ ಎಂದು ಈಗ ಕೇಳುವವರುಂಟು. ಕೂಗಿದ್ದರೆ ಕುರುಡ ಗಂಡನನ್ನು ಸಭೆಯಲ್ಲಿ ಸುಳ್ಳುಗಾರನನ್ನಾಗಿ ಮಾಡಿದವಳು ಎನಿಸಿಕೊಳ್ಳುತ್ತಿದ್ದಳು, ಜಾಗವಂತೂ ಸಿಗುತ್ತಿರಲಿಲ್ಲ. ಮಲಕಾಜಪ್ಪ ಹೊರಗೆ ಬಂದು ಗಾಳಿಯಲ್ಲಿ ಕೈ ಆಡಿಸಿದ. “ತಾರಾ, ಎಲ್ಲಿದ್ದಿ?” ಎಂದ. ಅವಳು ಅವನ ಎದುರಿಗೇ ನಿಂತಿದ್ದಳು, ಓಗೊಡಲಿಲ್ಲ. ಅವನು ಮತ್ತೆ ಕರೆದ, ದನಿ ಸಣ್ಣದಾಗಿತ್ತು. ಅವಳು ಹೋಗಿ ಹೆಗಲು ಕೊಟ್ಟಳು.

ತಾರವ್ವ ಹೊಳೆಯ ದಂಡೆಯ ಕಬ್ಬಿನ ಹೊಲಗಳಿಗೆ ಕಳೆ ತೆಗೆಯಲು ಹೋಗತೊಡಗಿದಳು. ಇಡೀ ಆಯುಷ್ಯ ನೆರಳಲ್ಲಿ ಕೂತು ಬೆರಳಿನಿಂದ ದುಡಿದವಳ ಸೊಂಟ ಬಿಸಿಲಲ್ಲಿ ಬಾಗಿ ನಡೆಯುವುದಕ್ಕೆ ಒಪ್ಪುತ್ತಿರಲಿಲ್ಲ. ಕಬ್ಬಿನ ಒಣಗರಿ, ಆ ರವುದಿ, ಮುಖ ಕೈ ಎನ್ನದೆ ಕೊಯ್ಯುತ್ತಿತ್ತು. ನಸುಕಿನಲ್ಲಿ ಗಂಡನಿಗೆ ರೊಟ್ಟಿ ಮಾಡಿಟ್ಟು, ನೀರಿನ ತಂಬಿಗೆ ಕೈಗೆ ಎಟಕುವಂತೆ ಇಟ್ಟು ಹೊರಟರೆ ಬರುವುದು ಹೊತ್ತು ಮುಳುಗಿದ ಮೇಲೆ. ಹಗಲೆಲ್ಲ ಮಲಕಾಜಪ್ಪ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಯಾರಾದರೂ ತಾರವ್ವ ಎಲ್ಲಿ ಎಂದರೆ, “ಒಳಗ ಮಲಗ್ಯಾಳ್ರಿ” ಎನ್ನುತ್ತಿದ್ದ. ಓಣಿಯವರಿಗೆಲ್ಲ ಸತ್ಯ ಗೊತ್ತಿತ್ತು. ಅವನ ಮನಸ್ಸು ನೋಯದಿರಲೆಂದು, “ಹೌದ್ರಿ, ಮಲಗಲಿ” ಎಂದು ಮುಂದೆ ಹೋಗುತ್ತಿದ್ದರು. ತಾರವ್ವನಿಗೂ ಇದು ಗೊತ್ತಿತ್ತು.

ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯ ಮಧ್ಯಾಹ್ನ, ಕಬ್ಬಿನ ಸಾಲಿನಲ್ಲಿ ಅವಳಿಗೆ ಹಾವು ಕಚ್ಚಿತು. ಜೊತೆಯವರು ಚಕ್ಕಡಿಯಲ್ಲಿ ಹಾಕಿಕೊಂಡು ಹೊರಟರು. ಊರು ಮುಟ್ಟುವ ಮೊದಲೇ ಜೀವ ಹೋಗಿತ್ತು. ಓಣಿಯ ಬಾಯಲ್ಲಿ ಚಕ್ಕಡಿ ನಿಲ್ಲಿಸಿ, ಅವಳ ಸೀರೆಯ ಸೆರಗನ್ನೇ ಮುಖಕ್ಕೆ ಹೊದಿಸಿ, ನಾಲ್ಕು ಜನ ಹೊತ್ತು ಮನೆಯ ಮುಂದೆ ಬಂದರು. ಕಟ್ಟೆಯ ಮೇಲಿದ್ದ ಮಲಕಾಜಪ್ಪನಿಗೆ ಹಲವು ಕಾಲುಗಳ ಸಪ್ಪಳ ಕೇಳಿಸಿತು. ಯಾರಾದರೂ ಬಾಯಿ ತೆರೆಯುವ ಮೊದಲೇ ಅವನು ಕೈ ಎತ್ತಿದ.

“ತಾರಾ ಒಳಗ ಮಲಗ್ಯಾಳ್ರಿ,” ಎಂದ. “ಆಮ್ಯಾಲ ಬರ್ರಿ.”

ಭಾರವನ್ನು ಹೆಗಲ ಮೇಲೆಯೇ ಇಟ್ಟುಕೊಂಡು ಹೊತ್ತವರು ಬಿಸಿಲಲ್ಲಿ ನಿಂತರು.