ಏಜೆಂಟರು ಮತ್ತೆ ಸಾಲಿಗೆ ಹೊರಟರು

ಬ್ಯಾಡಗಿಯ ವಿಮಾ ಏಜೆಂಟ್ ಪ್ರಭುಲಿಂಗಪ್ಪನವರಿಗೆ ಮೂರು ಓಣಿ ಆಚೆಯ ತೊಟ್ಟಿಲಿನ ಸದ್ದೂ ಕೇಳಿಸುತ್ತದೆಂದು ಹೆಂಡತಿ ಶಾರದವ್ವ ಆಣೆ ಮಾಡಿ ಹೇಳಬಲ್ಲಳು. ಕೂಸಿಗೆ ಹೆಸರಿಡುವ ಮೊದಲೇ ಅದರ ಮದುವೆಯ ವರ್ಷಕ್ಕೆ ಕೈಗೆ ಬರುವ ಪಾಲಿಸಿಯನ್ನು ಅವರು ಹಿಡಿದು ನಿಂತಿರುತ್ತಾರೆ. ಸಾವು ಎಂಬ ಮಾತನ್ನು ಮಾತ್ರ ನಾಲಿಗೆಗೆ ತಂದವರಲ್ಲ. "ನಾಳೆ ಏನರ ಹೆಚ್ಚುಕಮ್ಮಿ ಆದ್ರ" ಎಂದು ಮೆಣಸಿನಕಾಯಿ ಪೇಟೆಯಲ್ಲಿ ನಿಂತು ಹೇಳತೊಡಗಿದರೆ, ಕೇಳುವವರ ಕಣ್ಣೀರು ಮಾತಿನದೋ ಘಾಟಿನದೋ ತಿಳಿಯುವುದಿಲ್ಲ. ಲೈಸನ್ಸ್ ನವೀಕರಣಕ್ಕೆ ಮೂರು ವರ್ಷಕ್ಕೊಮ್ಮೆ ಇಪ್ಪತ್ತೈದು ತಾಸಿನ ತರಬೇತಿ ಆಗಬೇಕೆಂಬ ಕಾಯ್ದೆ ಬಂದಾಗ, ಇಸ್ತ್ರಿ ಅಂಗಿ ತೊಟ್ಟು ರಾಣೆಬೆನ್ನೂರಿಗೆ ಹೋಗಿ ಮೊದಲ ಬೆಂಚಿನಲ್ಲಿ ಕುಳಿತರು. ಊಟದ ಬಿಡುವಿನಲ್ಲಿ ಕಲಿಸಲು ಬಂದ ಮಾಸ್ತರರಿಗೇ ಒಂದು ಪಾಲಿಸಿ ಮಾಡಿಸಿದರು. ಈ ಸಲ ತರಬೇತಿಯ ಹೊತ್ತಿಗೆ ಮೊಣಕಾಲು ಬಾತಿತ್ತು. ಒಂದು ದಿನ ತಪ್ಪಿಸಿದರೂ ಲೈಸನ್ಸ್ ಹೋಗುತ್ತದೆ. "ಹೋದ್ರ ಹೋಗ್ಲಿ ಬಿಡ್ರಿ. ವರ್ಷಾತು, ಒಂದ್ ಹೊಸಾ ಪಾಲಿಸಿ ಆಗಿಲ್ಲ. ಈ ವಯಸ್ಸಿನ್ಯಾಗ ಸಾಲಿ ಯಾಕ?" ಎಂದಳು ಶಾರದವ್ವ. ಅವರು ಗೋಡೆ ಹಿಡಿದು ಚಪ್ಪಲಿ ಮೆಟ್ಟುತ್ತ, "ಹೊಸಾವು ಯಾರಿಗೆ ಬೇಕಾಗ್ಯಾವ, ಶಾರದಾ? ನನ್ನ ಕಡೆ ಪಾಲಿಸಿ ಮಾಡಿಸಿದ ಹಳಬರು ಅದಾರಲ್ಲ. ನಾಳೆ ಏನರ ಹೆಚ್ಚುಕಮ್ಮಿ ಆಗಿ ಅವರ ಹೆಂಡ್ರು ಅತ್ಕೊಂತ ಬಂದು 'ಯಪ್ಪಾ, ಇನ್ನ ಯಾರನ್ನ ಕೇಳೂನು?' ಅಂದ್ರ, ನನ್ನ ಲೈಸನ್ಸ್ ಮುಗದೈತಿ, ಹೋಗ್ರಿ ಅನ್ಲೇನು?" ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯನನ್ನು ಅವಳು ಹೊಸಬನನ್ನು ಕಂಡಂತೆ ನೋಡಿದಳು. ತನ್ನ ಹೆಗಲು ಕೊಟ್ಟು ನಿಲ್ದಾಣದ ತನಕ ನಡೆಸಿ, ಬಸ್ಸು ಹತ್ತಿಸಿ, ಕಂಡಕ್ಟರನಿಗೆ, "ಸಾಲಿಗೆ ಹೊಂಟಾರಪ್ಪಾ, ಲಗೂ ಬಿಡು" ಎಂದಳು.