ಉಪ್ಪು ತರದೆ ಬಂದ ನರ್ಸಮ್ಮ

ನರ್ಸಮ್ಮನ ಎರಡೂ ಪಾದಗಳಿಗೆ ಬ್ಯಾಂಡೇಜು ಸುತ್ತಿತ್ತು. ಗಾಯವಾಗಿ ಅಲ್ಲ, ಚಪ್ಪಲಿ ಕಳೆಯದಿರಲಿ ಎಂದು. ಯರಿ ಹೊಲದ ಕರಿಮಣ್ಣಿನ ಕೆಸರಿನಲ್ಲಿ ಕಾಲಿಟ್ಟರೆ ನೆಲ ಮೊದಲು ನುಂಗುವುದು ಚಪ್ಪಲಿಯನ್ನು. ಅದಕ್ಕೇ ಅವರು ಗಂಡಸರ ರಬ್ಬರ್ ಚಪ್ಪಲಿ ಹಾಕಿಕೊಂಡು, ಉಳುಕಿದ ಕಾಲಿಗೆ ಕಟ್ಟುವಂತೆ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಡ್ಡಡ್ಡ ಬ್ಯಾಂಡೇಜು ಬಿಗಿದು, ಬಿಳಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಸಿಂಧನೂರಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

ಹೀಗೆಂದು ನನ್ನ ನೆನಪು. ನನ್ನನ್ನು ಕಳಿಸಲು ಬಾಗಿಲಿಗೆ ಬಂದಿದ್ದ ತಂಗಿಯ ಪ್ರಕಾರ ಅವರು ಅವತ್ತು ಬರಿಗಾಲಲ್ಲಿದ್ದರು, ಬ್ಯಾಂಡೇಜು ಬೇರೆ ಯಾವುದೋ ಮಳೆಗಾಲದ್ದು. ಇರಬಹುದು. ನಾನು ದಿನಚರಿ ಬರೆಯುವವಳು. ಆದರೂ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಹಳ್ಳ ದಾಟಿದೆವು. ಖಿಚಡಿ ಚೆನ್ನಾಗಿತ್ತು.’ ಉಳಿದದ್ದೆಲ್ಲ ಇಷ್ಟು ವರ್ಷ ತಲೆಯೊಳಗೇ ಇತ್ತು. ಅಲ್ಲಿ ಕುಳಿತು ಎಷ್ಟು ಬಣ್ಣ ಹಚ್ಚಿಕೊಂಡಿದೆಯೋ ನನಗೆ ತಿಳಿಯದು. ಇಸವಿಯೂ ಖಚಿತವಿಲ್ಲ. ಎಂಬತ್ತರ ದಶಕ ಮುಗಿಯುತ್ತಿತ್ತು, ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ, ಇಷ್ಟು ಮಾತ್ರ ಹೇಳಬಲ್ಲೆ.

ನರ್ಸಮ್ಮ ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡ ಮೇಲೆ ಗುಂತಕಲ್ಲಿನ ಕಡೆಯಿಂದ ಬಂದು, ಚರ್ಚಿನವರು ನಡೆಸುತ್ತಿದ್ದ ಸಣ್ಣ ದವಾಖಾನೆಗೆ ನರ್ಸಾಗಿ ಸೇರಿದವರು. ಬಂದಾಗ ಬರೀ ತೆಲುಗು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ನಮ್ಮವ್ವನಿಗಿಂತ ಚುರುಕಾಗಿ ನಮ್ಮ ಕಡೆಯ ಕನ್ನಡದಲ್ಲಿ ಬೈಯುತ್ತಿದ್ದರು. ನಾಡಿ ಹಿಡಿದರೆ ಮೊದಲ ಪ್ರಶ್ನೆ ಯಾವಾಗಲೂ ‘ಏನ್ ಉಂಡಿ?’. ಭಾನುವಾರ ಚರ್ಚಿನಲ್ಲಿ ಅವರ ಹಾಡು ಎಲ್ಲರಿಗಿಂತ ಗಟ್ಟಿ, ಎಲ್ಲರಿಗಿಂತ ಅಪಸ್ವರ. ಅದು ಅವರಿಗೂ ಗೊತ್ತಿತ್ತು. ದೇವರಿಗೆ ಕಿವಿ ದೊಡ್ಡವು, ತಾಳಿಕೊಳ್ಳುತ್ತಾನೆ ಎನ್ನುತ್ತಿದ್ದರು.

ಅವರ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಸದಾ ತುಂಬಿಯೇ ಇರುತ್ತಿತ್ತು. ಹಗ್ಗ, ಸೌಟುಗಳು, ಸಾಬೂನು, ಮೇಣ ಸವರಿದ ಬೆಂಕಿಪೊಟ್ಟಣ, ಬ್ಯಾಂಡೇಜಿನ ಸುರುಳಿಗಳು. ಎಲ್ಲಾದರೂ ಗುಡಿಸಲುಗಳಿಗೆ ಬೆಂಕಿ ಬಿತ್ತು, ಬಿರುಗಾಳಿಗೆ ತಗಡು ಹಾರಿದವು ಎಂದು ಸುದ್ದಿ ಬಂದರೆ ಚರ್ಚಿನ ಹತ್ತು ಹನ್ನೆರಡು ಜನ ಕೂಡುತ್ತಿದ್ದರು: ಇಬ್ಬರು ಮಾಸ್ತರರು, ಒಬ್ಬ ಟೇಲರ್, ಲಿಂಗಸುಗೂರಿನ ಕಡೆಯಿಂದ ಬರುವ ಇಬ್ಬರು ಗಣಿ ಕೆಲಸಗಾರರು. ಎಷ್ಟು ಜನರಿಗೆ ಅಡುಗೆ ಎಂದು ನರ್ಸಮ್ಮ ಎಂದೂ ಕೇಳಿದವರಲ್ಲ. ಅವರ ಲೆಕ್ಕ ಒಲೆಗಳದು.

‘ಎಷ್ಟು ಒಲಿ ಆರ್ಯಾವ?’ ಎನ್ನುತ್ತಿದ್ದರು. ಒಲೆ ಆರಿದ ಮನೆಯಲ್ಲಿ ಹೆಂಗಸರು ತಾವು ಉಣ್ಣದ್ದನ್ನು ತಲೆ ಎಣಿಸುವವರಿಗೆ ಹೇಳುವುದಿಲ್ಲ, ಆರಿದ ಒಲೆಯನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ ಎಂಬುದು ಅವರ ವಾದ.

ಇನ್ನೊಂದು ನಿಯಮವಿತ್ತು. ಅಕ್ಕಿ, ಬೇಳೆ, ಎಣ್ಣೆ, ಸೌದೆ, ಹಂಡೆ ಎಲ್ಲ ಇಲ್ಲಿಂದಲೇ ಹೋಗಬೇಕು. ಉಪ್ಪು ಮಾತ್ರ ಒಯ್ಯಕೂಡದು. ಉಪ್ಪನ್ನು ಆ ಊರಿನ ಮನೆಗಳಿಂದಲೇ ಒಂದೊಂದು ಹಿಡಿ ಬೇಡಿ ತರಬೇಕು. ಒಂದು ಹಿಡಿ ಕೊಟ್ಟವರು ಉಣ್ಣಲು ನಾಚಿಕೊಳ್ಳುವುದಿಲ್ಲ, ಅಡುಗೆ ಅರ್ಧ ಅವರದೇ ಆಗುತ್ತದೆ. ಸುಟ್ಟ ಗುಡಿಸಲುಗಳ ನಡುವೆಯೂ ಉಪ್ಪಿನ ಗಡಿಗೆ ಉಳಿದಿರುತ್ತದೆ ಎಂದು ಅವರು ಅನುಭವದಿಂದ ಕಂಡುಕೊಂಡಿದ್ದರು.

ಆ ವರ್ಷ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮಸ್ಕಿಯ ಆಚೆ ಹಳ್ಳದ ದಂಡೆಯಲ್ಲಿ ನನ್ನ ಅವ್ವನ ತವರೂರು. ಹಳ್ಳ ಊರೊಳಗೆ ನುಗ್ಗಿದೆ, ತಗ್ಗಿನ ಓಣಿಗಳು ಕೊಚ್ಚಿಹೋಗಿವೆ ಎಂದು ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಅಲ್ಲಿ ನನ್ನ ಅಜ್ಜಿ ಇದ್ದಳು, ಸೋದರಮಾವ ಇದ್ದ. ಅವ್ವ ಅಳುತ್ತ ಕುಳಿತಳು. ನರ್ಸಮ್ಮ ಬಾಗಿಲಲ್ಲೇ ನಿಂತು, ಊರು ಬಲ್ಲವಳೊಬ್ಬಳು ಬೇಕು, ನಿಮ್ಮ ಮಗಳನ್ನು ಕಳಿಸಿ ಎಂದು ಅಪ್ಪನನ್ನು ಕೇಳಿದರು. ಅಪ್ಪ, ‘ಇಕಿ ಸೋದರಮಾವನ ಸ್ವಭಾವ ನಿಮಗ ಗೊತ್ತಿಲ್ರಿ. ನಿಮ್ಮ ಕೈ ಅಡಗಿ ಅವ ಮುಟ್ಟಂಗಿಲ್ಲ’ ಎಂದರು. ಅಜ್ಜಿ ಇದ್ದಾಳಲ್ಲ, ಆಕೆ ಉಂಡರೆ ಸಾಕು ಎಂದರು ನರ್ಸಮ್ಮ.

ನನಗೆ ಆಗ ಆದದ್ದು ಖುಷಿ. ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅಜ್ಜಿಯ ಊರು ನೀರಲ್ಲಿದೆ, ಅವ್ವ ಅಳುತ್ತಿದ್ದಾಳೆ, ನಾನು ಚೂಡಿದಾರದ ಕಾಲು ಮಡಚುತ್ತಿದ್ದೇನೆ. ಕಾಲೇಜು ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾಲೇಜು ಎಂದಿದ್ದವಳಿಗೆ ಯಾರೋ ಮೊದಲ ಬಾರಿ ‘ನೀ ಬೇಕು’ ಎಂದಿದ್ದರು. ಬೇರೆಯವರ ಸಂಕಟದಲ್ಲಿ ಹಾಗೆ ಹಿಗ್ಗಬಹುದೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವತ್ತು ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ.

ಮಸ್ಕಿಯವರೆಗೆ ಲಾರಿ. ಲಿಂಗಸುಗೂರಿನವರು ಅಲ್ಲಿ ಬಂದು ಕೂಡಿಕೊಂಡರು. ಮುಂದೆ ದಾರಿಯೇ ಇರಲಿಲ್ಲ. ಜವಳಗೇರಾದ ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಿಂದ ನರ್ಸಮ್ಮ ಒಂದು ಟ್ರ್ಯಾಕ್ಟರ್ ಹೇಳಿದ್ದರು, ನೆಲ್ಲಿನ ಗದ್ದೆಯ ಕೆಸರು ತುಳಿಯುವ ಕಬ್ಬಿಣದ ಪಂಜರದ ಗಾಲಿಯದು. ಕೆಸರಿಗೆ ಕೆಸರಿನ ಗಾಡಿಯೇ ಬೇಕು ಎಂದು ಸರಕಾರಿ ಜೀಪಿನವರಿಗೂ ಹೊಳೆದಿರಲಿಲ್ಲ. ಜೀಪು ಹಳ್ಳದ ದಂಡೆಯಲ್ಲಿ ಹೂತು ನಿಂತಿತ್ತು.

ಟ್ರ್ಯಾಕ್ಟರಿಗೆ ಕಾಯುವಾಗ ನಮ್ಮ ಜೊತೆ ಬಂದಿದ್ದ ಹೊಸ ಪಾದ್ರಿಗಳು ಒಂದು ಮಾತು ತೆಗೆದರು. ಅನ್ನ ಬಡಿಸುವ ಮುಂಚೆ ಊರವರನ್ನು ಕೂಡಿಸಿ ಐದು ನಿಮಿಷ ಪ್ರಾರ್ಥನೆ ಮಾಡಿ, ಯೇಸುವಿನ ಹೆಸರು ಹೇಳಿದರೆ ಹೇಗೆ ಎಂದು. ನರ್ಸಮ್ಮ ಅಕ್ಕಿ ಚೀಲಕ್ಕೆ ದಬ್ಬಣ ಹಾಕುತ್ತಿದ್ದವರು ತಲೆ ಎತ್ತಲಿಲ್ಲ.

‘ಅಯ್ಯಗಾರು, ಹಸದಾಗ ಯಾರ ಹೆಸರ ಹೇಳಿದ್ರೂ ಮಂದಿ ಹೂಂ ಅಂತಾರ. ಆ ಹೂಂ ನಮಗ ಬ್ಯಾಡ. ಈ ಚೀಲಕ್ಕ ಕೈ ಹಚ್ಚರಿ.’

ಪಾದ್ರಿಗಳು ಕೈ ಹಚ್ಚಿದರು. ಒಳ್ಳೆಯವರು. ಆಮೇಲೆ ಎಲ್ಲರಿಗಿಂತ ಹೆಚ್ಚು ನೀರು ಹೊತ್ತವರು ಅವರೇ.

ಹಳ್ಳ ದಾಟಿದ್ದು ನಡು ಮಧ್ಯಾಹ್ನ. ಕೆಂಪು ನೀರು ಟ್ರೇಲರಿನ ಹಲಗೆ ಬಡಿಯುತ್ತಿತ್ತು, ಹಂಡೆ, ಬೋಗುಣಿಗಳು ಒಂದಕ್ಕೊಂದು ಗುದ್ದಿ ಗಂಟೆ ಬಾರಿಸಿದಂತೆ ಸದ್ದು. ಟ್ರ್ಯಾಕ್ಟರ್ ಒಂದು ಕಡೆ ವಾಲಿದಾಗ ಡ್ರೈವರ್ ಹಿಂದೆ ತಿರುಗಿ, ‘ಏಮೀ ಕಾದಮ್ಮ’ ಎಂದು ನಕ್ಕ. ಏನೂ ಆಗುವುದಿಲ್ಲವಂತೆ. ಮುಂದೆ ನೋಡಿ ಓಡಿಸಪ್ಪಾ ಎಂದು ಟೇಲರ್ ಅಂಗಲಾಚಿದರು. ನರ್ಸಮ್ಮ ಹಾಡಲು ಶುರು ಮಾಡಿದರು. ನಾನು ಒಂದಕ್ಷರವೂ ಅರಿಯದ ಆ ತೆಲುಗು ಹಾಡಿಗೆ ಗಂಟಲು ಹರಿಯುವಂತೆ ದನಿಗೂಡಿಸಿದೆ. ಆ ಕ್ಷಣದಷ್ಟು ಬದುಕಿದ್ದೇನೆ ಅನ್ನಿಸಿದ್ದು ಆಮೇಲೆ ಕಡಿಮೆ.

ಊರು ಹೊಕ್ಕೊಡನೆ ಮೂಗಿಗೆ ಬಡಿದದ್ದು ಕೊಳೆತ ಜೋಳದ ವಾಸನೆ. ನೆಲದೊಳಗಿನ ಹಗೇವುಗಳಿಗೆ ನೀರು ಇಳಿದು ವರ್ಷದ ಕಾಳು ಹುಳಿಯಾಗಿತ್ತು. ಇಡೀ ಊರು ಶಾಲೆಯ ಕಟ್ಟಡದಲ್ಲಿತ್ತು. ಮೇಲಿನ ಓಣಿಯವರು ವರಾಂಡದಲ್ಲಿ, ಕೇರಿಯವರು ಕೋಣೆಗಳಲ್ಲಿ. ನೀರು ಎಲ್ಲರನ್ನೂ ಒಂದು ಕಡೆ ತಂದು ಹಾಕಿದರೂ ನಡುವಿನ ಗೆರೆ ನೆನೆದಿರಲಿಲ್ಲ. ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದಳು. ಎರಡು ದಿನದಿಂದ ಬರೀ ನೀರು ಕುಡಿದಿದ್ದಳು. ನರ್ಸಮ್ಮ ನಾಡಿ ನೋಡಿ, ಈಕೆ ಇವತ್ತು ಉಣ್ಣಲೇಬೇಕು, ನಾಳೆಗೆ ತಡ ಎಂದು ನನಗೆ ಮೆಲ್ಲಗೆ ಹೇಳಿದರು.

ಅಜ್ಜಿ ಉಣ್ಣಲು ಒಪ್ಪಲಿಲ್ಲ. ಮಗ ಕುಳಿತರೆ ತಾನು ಕೂಡುತ್ತೇನೆ ಎಂದಳು. ವರಾಂಡದವರೆಲ್ಲರ ಮಾತೂ ಅದೇ. ಊರಿಗೆ ಹಿರಿಯ ಮಾವ. ಅವನು ಎಲೆಯ ಮುಂದೆ ಕೂಡದೆ ಆ ಓಣಿಯಲ್ಲಿ ಯಾರೂ ಕೂಡರು. ಮಾವ ಬಂದ. ಒಣ ಅಕ್ಕಿ ಕೊಡಿ, ತೆಗೆದುಕೊಳ್ಳುತ್ತೇವೆ, ಬೇಯಿಸಿದ್ದು ಬೇಡ ಎಂದ. ಹಂಡೆ ತಿರುವುತ್ತಿದ್ದ ಗಣಿ ಕೆಲಸಗಾರರು ಆ ಊರಿನ ಕೇರಿಯವರಿಗೇ ನಂಟರು. ಅವನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು.

ಅಜ್ಜಿ ಕಂಬದಿಂದಲೇ ನುಡಿದಳು: ‘ಅಕ್ಕಿ ತಗೊಂಡು ಯಾತರ ಮ್ಯಾಲೆ ಬೇಯಿಸ್ಲೋ? ಊರಾಗ ಒಣಗಿದ್ದಂದ್ರ ನಿನ್ ಮೀಸಿ ಒಂದ ಐತಿ. ಅದರ ಮ್ಯಾಲೆ ಇಡ್ಲೇನು ಗಡಿಗಿ?’

ಕೇರಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮಾವ ಸೆಡೆತು ಮನೆಗೆ ಹೋದ. ಅಜ್ಜಿ ಗೆದ್ದಳೇ ಹೊರತು ಉಣ್ಣಲಿಲ್ಲ.

ಇಷ್ಟರಲ್ಲಿ ನನ್ನ ಕೈಗೆ ಒಂದು ಬೋಗುಣಿ ಕೊಟ್ಟು, ಮನೆಮನೆಗೆ ಹೋಗಿ ಉಪ್ಪು ತಾ ಎಂದರು ನರ್ಸಮ್ಮ. ಮೊದಲ ಮನೆಯಲ್ಲಿ ಒಲೆಯ ಬದಿಯ ಗಡಿಗೆಗೆ ಕೈ ಹಾಕಿದೆ. ಮೊಣಕೈವರೆಗೆ ನೀರು. ಎರಡನೆಯದರಲ್ಲೂ ಅದೇ. ಮೂರನೆಯ ಮನೆಯಲ್ಲಿ ಕೆಸರು ಬಾಚುತ್ತಿದ್ದ ಹೆಂಗಸು ನನ್ನನ್ನೇ ನೋಡಿದಳು.

‘ಉಪ್ಪ ಕೇಳಾಕ ಬಂದಿಯೇನ್ ತಂಗಿ? ನಮ್ಮ ಉಪ್ಪೆಲ್ಲಾ ಹಳ್ಳದಾಗ ಐತಿ, ಹೋಗಿ ತುಂಬ್ಕೊ.’

ಓಡಿ ಬಂದು ಹೇಳಿದೆ. ನರ್ಸಮ್ಮನ ಸೌಟು ಹಂಡೆಯಲ್ಲೇ ನಿಂತಿತು. ಇಷ್ಟು ವರ್ಷ ಬೆಂಕಿ, ಗಾಳಿ ಎಂದು ಓಡಾಡಿದ ಇಡೀ ಗುಂಪಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಹಣೆ ಬಡಿದುಕೊಂಡು ನಗತೊಡಗಿದರು.

‘ಇಪ್ಪತ್ತು ವರ್ಷ ಮಂದಿಗಿ ಸಲಾಯಿನ್ ಏರಸೀನಿ. ಉಪ್ಪು ನೀರಾಗ ಕರಗತೈತಂತ ಇವತ್ತ ಗೊತ್ತಾತು ನೋಡವಾ.’

ಹಳ್ಳ ಒಲೆ ಆರಿಸಿದರೂ ಅಟ್ಟಕ್ಕೆ ಏರದೆ ಉಳಿದ ಮನೆ ಒಂದೇ, ಎತ್ತರದ ಕಟ್ಟೆಯ ನನ್ನ ಮಾವನದು. ಅಟ್ಟದ ಮೇಲೆ ಉಪ್ಪಿನ ಚೀಲ ಇರುವುದು ನನಗೆ ಗೊತ್ತಿತ್ತು. ನರ್ಸಮ್ಮ ನನ್ನನ್ನು ಕರೆದುಕೊಂಡು ನೇರ ಹೊರಟರು. ಕಟ್ಟೆ ಹತ್ತಲಿಲ್ಲ, ಕೆಳಗೆ ಕೆಸರಲ್ಲೇ ನಿಂತರು.

‘ಅಣ್ಣಾರ, ಖಿಚಡಿ ಸಪ್ಪಗ ಕುದಿಯಾಕತ್ತೈತಿ. ಉಪ್ಪು ಕೊಡ್ರಿ.’

ಮಾವ ವ್ಯಂಗ್ಯವಾಗಿ ಕೇಳಿದ: ‘ಎಲ್ಲಾ ಹೊತ್ಕೊಂಡು ಬಂದ್ರಿ. ಉಪ್ಪ ಮರತ್ರೇನು?’

‘ಮರತಿಲ್ರಿ. ಬೇಕಂತ ಬಿಟ್ಟು ಬಂದಿದ್ದೆ. ಅದ ತಪ್ಪಾತು.’

ಮಾವ ಮಾತು ತಿರುಗಿಸಿದ. ಎಷ್ಟು ಮಂದಿಗೆ ಬೇಯಿಸುತ್ತಿದ್ದೀರಿ ಎಂದ.

‘ಮಂದಿ ಎಣಿಸಿಲ್ರಿ. ಒಲಿ ಎಣಿಸೀನಿ. ನಲವತ್ತಮೂರು ಆರ್ಯಾವ, ನಿಮ್ಮದೂ ಸೇರಿ.’

ಮಾವ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಉಪ್ಪಿನ ಮೊರ. ಅದನ್ನು ನರ್ಸಮ್ಮನ ಕೈಗೆ ಕೊಡಲಿಲ್ಲ, ತಾನೇ ಹಿಡಿದು ಮುಂದೆ ನಡೆದ. ಅವನ ಅನುಮಾನ ನನಗೆ ಅರ್ಥವಾಯಿತು. ಆ ಊರಿನ ಯಾವ ಮದುವೆಯ ಸಾರಿಗೂ ಮಾವ ರುಚಿ ನೋಡದೆ ಉಪ್ಪು ಬಿದ್ದದ್ದಿಲ್ಲ. ನಲವತ್ತಮೂರು ಒಲೆಯ ಖಿಚಡಿಗೆ ಪೇಟೆಯಿಂದ ಬಂದವರು ಅಂದಾಜಿನಲ್ಲಿ ಉಪ್ಪು ಸುರಿಯುವುದನ್ನು ಅವನು ಹೇಗೆ ಸಹಿಸಿಯಾನು?

ಹಂಡೆಯ ಮುಂದೆ ನಿಂತು ಹಿಡಿ ಹಿಡಿಯಾಗಿ ಉಪ್ಪು ಬೀರಿದ. ಗಣಿಯ ಕೆಲಸಗಾರರೊಬ್ಬರು ಮರದ ಹುಟ್ಟಿನಿಂದ ತಿರುವಿದರು. ಮಾವ ಅಂಗೈ ಚಾಚಿದ. ಅವರು ಸೌಟಿನಿಂದ ತುಸು ಖಿಚಡಿ ಹಾಕಿದರು. ಮಾವ ಊದಿ, ಬಾಯಿಗೆ ಹಾಕಿಕೊಂಡು, ಮದುವೆಗಳಲ್ಲಿ ಮಾಡುವಂತೆ ಕಣ್ಣು ಮುಚ್ಚಿದ.

‘ಇನ್ನೊಂದು ಹಿಡಿ,’ ಎಂದ.

ಕಣ್ಣು ತೆರೆದಾಗ ಇಡೀ ಊರು ಅವನನ್ನೇ ನೋಡುತ್ತಿತ್ತು. ಹಾಗೆಂದು ನನ್ನ ನೆನಪು, ಅದು ಸುಳ್ಳಿರಬಹುದು. ಅಜ್ಜಿಯ ಮಾತು ಮಾತ್ರ ಸುಳ್ಳಲ್ಲ.

‘ನುಂಗಿದೆಲ್ಲಪಾ. ಇನ್ನ ಕುಂದ್ರು. ನಂಗೂ ಹಸದೈತಿ.’

ಮಾವ ಅಲ್ಲೇ, ಒದ್ದೆ ನೆಲದ ಮೇಲೆ ಕುಳಿತುಬಿಟ್ಟ. ಅಜ್ಜಿ ಕುಳಿತಳು. ವರಾಂಡ ಪೂರ್ತಿ ಕುಳಿತಿತು, ಕೋಣೆಗಳವರೂ ಅಂಗಳಕ್ಕೆ ಬಂದರು. ಸಾಲುಗಳು ಎರಡೇ ಇದ್ದವು, ಒಂದಾಗಲಿಲ್ಲ, ಇದನ್ನೂ ಬರೆಯಲೇಬೇಕು. ಹಂಡೆ ಮಾತ್ರ ಒಂದೇ. ನಾನು ಎರಡೂ ಸಾಲುಗಳ ನಡುವೆ ಸೌಟು ಹಿಡಿದು ಓಡಿದೆ. ಅಜ್ಜಿ ಎರಡನೇ ಸಲ ನೀಡಿಸಿಕೊಂಡಾಗ ನರ್ಸಮ್ಮ ದೂರದಿಂದ ನನ್ನತ್ತ ನೋಡಿ ಹುಬ್ಬು ಹಾರಿಸಿದರು.

ಮರಳುವಾಗ ಟ್ರೇಲರಿನಲ್ಲಿ ನಾನು ಅವರನ್ನು ಪೀಡಿಸಿದೆ. ಇದನ್ನೆಲ್ಲ ನೀವು ಮೊದಲೇ ಯೋಚಿಸಿದ್ದಿರಲ್ಲವೇ ಎಂದೆ. ‘ಅಷ್ಟ ಬುದ್ಧಿ ಇದ್ದಿದ್ರ ಉಪ್ಪ ತರ್ತಿದ್ನೆಲ್ಲವಾ’ ಎಂದರು. ಆಮೇಲಿನ ವರ್ಷಗಳಲ್ಲಿ ಆ ಟ್ರಂಕಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉಪ್ಪಿನ ಪೊಟ್ಟಣವೂ ಇರುತ್ತಿತ್ತು. ಆದರೂ ಊರಿಗೆ ಹೋದರೆ ಮೊದಲು ಕೇಳಿಯೇ ನೋಡುತ್ತಿದ್ದರು. ಸಂತೆಕಲ್ಲೂರಿನ ಕಡೆ ಆಣೆಕಲ್ಲು ಮಳೆ ಬಿದ್ದಾಗ, ತುಂಗಭದ್ರಾ ಕಾಲುವೆ ಒಡೆದಾಗ ನಾನೂ ಜೊತೆಗಿದ್ದೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುವಾಗ ಯಾರು ಯಾರ ಕೈಯಲ್ಲಿ ಉಣ್ಣುತ್ತಾರೆ ಎಂಬುದರ ಬಗ್ಗೆ ಪುಟಗಟ್ಟಲೆ ಉತ್ತರ ಬರೆದೆ. ಆ ಹಂಡೆಯ ಮುಂದೆ ಕಂಡದ್ದು ಯಾವ ಉತ್ತರದಲ್ಲೂ ಹಿಡಿಸಲಿಲ್ಲ.

ನರ್ಸಮ್ಮ ತೊಂಬತ್ತರ ದಶಕದ ನಡುವೆ, ಲಿಂಗಸುಗೂರಿನಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ನಾನು ಹೋದೆ. ಯಾರು ಹೇಳಿ ಕಳಿಸಿದ್ದರೋ, ಮಾವನೂ ಬಂದಿದ್ದ. ಸಮಾಧಿಗಳ ಗೋಡೆಯ ಬಳಿ ಒಬ್ಬನೇ ನಿಂತಿದ್ದವನು, ಎಲ್ಲರೂ ಮಣ್ಣು ಹಾಕಿದ ಮೇಲೆ ಬಂದು ತಾನೂ ಒಂದು ಹಿಡಿ ಹಾಕಿದ. ನನ್ನನ್ನು ನೋಡಿದರೂ ಮಾತಾಡಿಸದೆ ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದ. ನಾನು ಬೆನ್ನು ಹತ್ತಿದೆ, ಓಡಿದೆ ಎಂದರೂ ತಪ್ಪಿಲ್ಲ. ಮಸ್ಕಿಯ ಬಸ್ಸು ನಿಂತಿತ್ತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟಾಗ ತೋಳು ಹಿಡಿದು ಒಂದು ಮಾತು ಕೇಳಿದೆ. ಅವನು ಹತ್ತಿದ, ಬಸ್ಸು ಹೋಯಿತು. ಹೋದ ದೀಪಾವಳಿಗೆ, ಎಂಬತ್ತು ದಾಟಿದ ಅವನ ಪಕ್ಕ ಕುಳಿತು ಮತ್ತೆ ಅದನ್ನೇ ಕೇಳಿದೆ. ಹೊರಗೆ ನೋಡುತ್ತ ಕುಳಿತುಬಿಟ್ಟ. ಎರಡೂ ಸಲ ನಾನು ಕೇಳಿದ್ದು ಇಷ್ಟೇ:

‘ಮಾಮಾ, ಅವತ್ತು ಹಂಡೇದ ಮುಂದ ನೀ ಕೈ ಒಡ್ಡಿದ್ದು ಮರತೋ, ತಿಳದೋ?’