ಬೆಳ್ಳಗಿರೋದು

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಕಾವಲು ನಿಂತಿದ್ದೆ. ನಿವೃತ್ತಿಯ ನಂತರ ಮನೆಯವರು ನನಗೆ ದಯಪಾಲಿಸಿರುವ ಏಕೈಕ ಅಧಿಕಾರ ಅದು. ಅಷ್ಟರಲ್ಲಿ ಬಂಗಾರಪೇಟೆ ಪಕ್ಕದ ನಮ್ಮೂರಿನಿಂದ ದೊಡ್ಡಪ್ಪನ ಮಗ ನಾರಾಣಿ ಫೋನು ಮಾಡಿದ. "ಪಾಲಿನ ವಿಷ್ಯ ಮಾತಾಡ್ಬೇಕು ಕಣ್ಲಾ. ಯಾವಾಗ ಬತ್ತೀಯಾ?"

ಅವನು ಕೇಳಿದ್ದು ಮನೆ, ಜಮೀನಿನ ಪಾಲು. ನಾನು ಥಟ್ಟನೆ ನೋಡಿದ್ದು ಪಾತ್ರೆಯ ಕಡೆ. ಹಾಲು ಉಕ್ಕಿ ಹರಿದಿತ್ತು. ಆಮೇಲೆ ಮಾಡುತ್ತೇನೆಂದು ಫೋನಿಟ್ಟೆ. ಸೀದ ವಾಸನೆ ನನ್ನನ್ನು ಸೀದಾ ಹಳೇ ಮನೆಗೆ ಒಯ್ದಿತು.

ನಮ್ಮಮ್ಮ ಕುಪ್ಪಂ ಕಡೆಯವಳು. ಅವಳ ತೆಲುಗಿನಲ್ಲಿ ಪಾಲು ಎಂದರೆ ಹಾಲು. ನಮ್ಮ ಸೀಮೆಯನ್ನು ನೀವು ಬಲ್ಲಿರಿ: ರಾಬರ್ಟ್‌ಸನ್‌ಪೇಟೆಯಲ್ಲಿ ತಮಿಳಿನ ಚೌಕಾಸಿ, ಅಡುಗೆಮನೆಯಲ್ಲಿ ತೆಲುಗಿನ ಮುನಿಸು, ತಾಲ್ಲೂಕು ಕಚೇರಿಯಲ್ಲಿ ಕನ್ನಡದ ವಿನಯ. ಇಷ್ಟೆಲ್ಲ ಬಲ್ಲವರು ಒಂದು ಮಾತಿಗೆ ಎಡವುತ್ತಾರೆಯೇ ಎಂದರೆ, ಎಡವುತ್ತಾರೆ. ಆಯ್ದುಕೊಳ್ಳಲು ಮೂರು ಕಲ್ಲುಗಳಿರುತ್ತವಲ್ಲ!

ಆಗ ದೊಡ್ಡಪ್ಪ, ನಮ್ಮಪ್ಪ ಒಂದೇ ಮನೆಯಲ್ಲಿದ್ದರು. ಬೇರೆಯಾಗುವ ಮಾತನ್ನು ಇಬ್ಬರೂ ಆಡುತ್ತಿರಲಿಲ್ಲ. ಇಬ್ಬರ ತಲೆಯಲ್ಲೂ ಬೇರೇನೂ ಇರಲಿಲ್ಲ. ಒಂದು ಬೆಳಿಗ್ಗೆ, ನಾನು ಕಾಲೇಜಿನ ರೈಲಿಗೆ ಹೊರಡುವ ಅವಸರದಲ್ಲಿ ಕಾಫಿಗೆ ಕಾಯುತ್ತಿದ್ದಾಗ, ದೊಡ್ಡಪ್ಪ ಹಸು ಕರೆದು ಎದ್ದರು. ಅಮ್ಮ ಎಂದಿನಂತೆ ಅಡುಗೆಮನೆಯಿಂದ ಕೂಗಿದಳು: "ಬಾವಾ, ಪಾಲು ಕೊಡ್ತೀರಾ?"

ಅಷ್ಟು ವರ್ಷ ಅದನ್ನು ತೆಲುಗಿನಲ್ಲಿ ಕೇಳಿಸಿಕೊಂಡಿದ್ದ ದೊಡ್ಡಪ್ಪ ಅಂದು ಕನ್ನಡದಲ್ಲಿ ಕೇಳಿಸಿಕೊಂಡರು.

"ಎಷ್ಟು ಬೇಕಮ್ಮಾ?" ದನಿ ನಡುಗಿತು.

"ಅರ್ಧ ಸಾಕು."

ದೊಡ್ಡಪ್ಪ ಚೆಂಬು ಕೆಳಗಿಟ್ಟರು. "ಲೇ ತಮ್ಮಾ, ಈಚೆಗ್ ಬಾರ್ಲಾ! ನಿನ್ ಎಂಡ್ತಿ ಪಾಲು ಕೇಳ್ತವ್ಳೆ!"

ಅಪ್ಪ ನಗಬೇಕಿತ್ತು. ಬೇವಿನ ಕಡ್ಡಿ ತೆಗೆದು, "ಕೇಳ್ಲಿ ಬಿಡಣ್ಣ. ಒಂದಲ್ಲ ಒಂದಿನ ಕೇಳಾದೇ ತಾನೇ?" ಎಂದುಬಿಟ್ಟರು. ಅಂಗಳದಲ್ಲಿ ಶಾಂತವಾಗಿದ್ದದ್ದು ಹಸು ಒಂದೇ. ಅದಕ್ಕೆ ಇರುವುದು ಒಂದೇ ಭಾಷೆ.

ಅಮ್ಮ ಖಾಲಿ ಪಾತ್ರೆ ಹಿಡಿದು ಓಡಿಬಂದಳು. "ಅಯ್ಯೋ, ಕಾಪಿಗೆ ಕೇಳಿದ್ದು ಬಾವಾ!"

ಆದರೆ ಅಣ್ಣತಮ್ಮಂದಿರು ಒಬ್ಬರ ಮನಸ್ಸನ್ನೊಬ್ಬರು ಆಗಲೇ ಕೇಳಿಸಿಕೊಂಡಾಗಿತ್ತು. ದೊಡ್ಡಪ್ಪ ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು, ಒದ್ದೆ ಕಣ್ಣಲ್ಲೇ ಫರ್ಮಾನು ಹೊರಡಿಸಿದರು: "ಇನ್ಮ್ಯಾಲೆ ಈ ಮನೇಲಿ ಅಚ್ಚ ಕನ್ನಡ. ಆಲು ಅನ್ಬೇಕು, ಆಲು." ಹಕಾರಕ್ಕೂ ನಮ್ಮೂರಿಗೂ ಮೊದಲಿನಿಂದ ಆಗಿಬರುವುದಿಲ್ಲ.

ಅಮ್ಮನ ಮುಖ ಕೆಂಪಾಯಿತು. "ಅದೊಂದು ಬ್ಯಾಡ ಬಾವಾ. ನಮ್ ಕಡೆ ಆಲು ಅಂದ್ರೆ ಎಂಡ್ತಿ. ದಿನಾ ಬೆಳಿಗ್ಗೆ ನಿಮ್ ಮುಂದೆ ನಿಂತು ಎಂಡ್ತೀನ ಕೊಡಿ ಅಂತ ಎಂಗೆ ಕೇಳ್ಲಿ?"

ಒಳಗಿನಿಂದ ದೊಡ್ಡಮ್ಮ ಕೂಗಿದರು: "ಕೇಳು ತಾಯಿ, ಕೇಳು! ಅರ್ಧ ಯಾಕೆ, ಪೂರ್ತಿ ಕೊಡ್ತಾರೆ!"

ಮೊದಲು ನಕ್ಕವರು ದೊಡ್ಡಪ್ಪ. ಆಮೇಲೆ ಅಪ್ಪ, ಕಡ್ಡಿ ಗಂಟಲಿಗೆ ಹೋಗುವಷ್ಟು. ಅಂದಿನಿಂದ ಸರ್ವಾನುಮತದಿಂದ ಹಾಲಿನ ಹೆಸರು 'ಬೆಳ್ಳಗಿರೋದು' ಎಂದಾಯಿತು. ಪಾಲು ಎಂದು ಯಾರು ಬಾಯಿ ತೆರೆದರೂ ಮನೆಯೆಲ್ಲ ನಗುತ್ತಿತ್ತು. ನಗುತ್ತ ನಡುಗೋಡೆ ಎಬ್ಬಿಸುವುದು ಹೇಗೆ? ಅವರಿಬ್ಬರೂ ಇರುವವರೆಗೆ ಮನೆ ಒಂದಾಗಿಯೇ ಇತ್ತು. ಪ್ರೀತಿಯಿಂದಲೋ, ಪದದ ಅಭಾವದಿಂದಲೋ, ಪಂಡಿತರು ತೀರ್ಮಾನಿಸಲಿ.

ಒಲೆ ಒರೆಸಿ ನಾರಾಣಿಗೆ ಫೋನು ಮಾಡಿದೆ. ಅವನ ದನಿಯಲ್ಲೂ ಅವನಪ್ಪನ ಅದೇ ನಡುಕ. "ನಿಂಗೆಷ್ಟು ಬೇಕು, ಬಾಯ್ಬಿಟ್ಟು ಏಳ್ಬಿಡ್ಲಾ."

"ಅರ್ಧ ಸಾಕು," ಎಂದೆ.

ನಾರಾಣಿ ಮೆಲ್ಲಗೆ ಕೇಳಿದ:

"ಬೆಳ್ಳಗಿರೋದಾ?"